ಹಳದಿ ತಂತಿ, ಬಾಳೆನಾರು

ಮುಕ್ತಾ ಒಮ್ಮೆ ಕಣ್ಣೆತ್ತಿ ನೋಡಿದಳೆಂದರೆ ಠಾಣೆ ಸ್ಟೇಶನ್ನಿನಲ್ಲಿ ನಿಲ್ಲದ ಮೇಲ್ ಗಾಡಿಯೂ ಗಕ್ಕನೆ ನಿಲ್ಲಬೇಕು, ಅಂಥ ಕಣ್ಣು. ಆ ಕಣ್ಣಿನೆದುರು ಕೂತು ಕಂಪ್ಯೂಟರ್ ಜೋಡಿಸು ಎಂದರೆ ಸಂಕರ್ಷಣನೇನು ಕಲ್ಲೇ?

ಠಾಣೆಯ ನೌಪಾಡಾ ಬಡಾವಣೆಯ ರಿಪೇರಿ ಅಂಗಡಿಯಲ್ಲಿ ಆರು ವರ್ಷದಿಂದ ಕೆಲಸ ಮಾಡುವ ಇಪ್ಪತ್ತೆಂಟರ ಹುಡುಗ ಅವನು. ಕಣ್ಣು ಕಟ್ಟಿ ಕೂರಿಸಿದರೂ ಕಂಪ್ಯೂಟರ್ ಬಿಚ್ಚಿ ಕಟ್ಟುವವನು. ಆದರೆ ಬಾಯಿ ಇಲ್ಲ. ಅವನ ಬಾಯಿಂದ ಒಂದು ಮಾತು ಹೊರಡುವುದರೊಳಗೆ ಲೋಕಲ್ ರೈಲಿನಲ್ಲಿ ಕಲ್ಯಾಣಕ್ಕೆ ಹೋಗಿ ವಾಪಸು ಬರಬಹುದು.

ಸ್ಟೇಶನ್ನಿನ ಆಚೆಬದಿ ಕೋಪರಿಯ ವಾದಿರಾಜ ಭಟ್ಟರ ಮನೆಯಿಂದ ಕರೆ ಬಂದದ್ದು 2009ರ ಶ್ರಾವಣದಲ್ಲಿ. ಭಟ್ಟರು ಉಡುಪಿ ಕಡೆಯವರು, ಕಂಪ್ಯೂಟರಿನಲ್ಲಿ ಜಾತಕ ಹಾಕುವವರು. ಠಾಣೆಯಿಂದ ಡೊಂಬಿವಲಿಯವರೆಗೆ ನಮ್ಮವರ ಯಾವ ಮದುವೆಯೂ ಆ ಪೆಟ್ಟಿಗೆಯ ಅಪ್ಪಣೆ ಇಲ್ಲದೆ ಆಗುತ್ತಿರಲಿಲ್ಲ. ಆ ಪೆಟ್ಟಿಗೆಯೋ, ಪಕ್ಕದ ದೇವರ ಕೋಣೆಯ ಊದುಬತ್ತಿ, ಕರ್ಪೂರದ ಹೊಗೆಯನ್ನು ಹತ್ತು ವರ್ಷ ಕುಡಿದು ಸತ್ತೇ ಹೋಗಿತ್ತು. ಬಿಚ್ಚಿದರೆ ಒಳಗೆ ಊರಿಗೆಲ್ಲ ಹಚ್ಚುವಷ್ಟು ಕಾಡಿಗೆ!

ಸಂಕರ್ಷಣ ಹೊಸ ಬೋರ್ಡು, ಹೊಸ ಫ್ಯಾನು, ಹೊಸ ಡಬ್ಬ ತಂದು ಎಲ್ಲವನ್ನೂ ಮೊದಲಿಂದ ಕಟ್ಟಿದ. ಭಟ್ಟರ ಮಗಳು ಮುಕ್ತಾ ಟಾರ್ಚು ಹಿಡಿದಳು. ಹಿಡಿದದ್ದು ಬೋರ್ಡಿನ ಮೇಲೋ ಅವನ ಮುಖದ ಮೇಲೋ, ಅದನ್ನು ಅವಳೇ ಹೇಳಬೇಕು.

ಬಟನ್ ಒತ್ತಿದರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ: ಸಿಪಿಯು ಫ್ಯಾನ್ ಎರರ್. ಮುಂದೆ ಹೋಗಲು ಎಫ್ ಒನ್ ಒತ್ತಿ.

"ಫ್ಯಾನು ತಿರುಗ್ತಾನೇ ಉಂಟಲ್ಲ!" ಮುಕ್ತಾ ಬಗ್ಗಿ ನೋಡಿದಳು. ಅವಳ ಜಡೆಯ ಮಲ್ಲಿಗೆ ಅವನ ಕಿವಿಗೆ ತಾಗಿತು. ಸಂಕರ್ಷಣನಿಗೆ ಹದಿನಾಲ್ಕು ಲೋಕವೂ ಒಂದೇ ಸಲ ಕಂಡು ಮರೆಯಾದವು.

"ತಿರುಗ್ತಾ ಉಂಟು. ಬೋರ್ಡಿಗೆ ಗೊತ್ತಾಗ್ತಾ ಇಲ್ಲ," ಎಂದ, ಹೇಗೋ. "ಈ ಹಳದಿ ತಂತಿ ನೋಡಿ. ಫ್ಯಾನು ತಿರುಗ್ತಾ ಉಂಟು ಅಂತ ಹೇಳ್ಲಿಕ್ಕೇ ಇರೋದು ಇದು. ನಾನು ಪಕ್ಕದ ಪಿನ್ನಿಗೆ ಹಾಕಿಬಿಟ್ಟಿದ್ದೇನೆ. ಅದು ಡಬ್ಬದ ಫ್ಯಾನಿನ ಜಾಗ."

"ಅಂದ್ರೆ ತಿರುಗಿದ್ರೆ ಸಾಲದು, ಹೇಳ್ಲೂ ಬೇಕು."

"ಹೌದು."

"ಹೇಳದೇ ಇದ್ರೆ?"

"ಇಲ್ಲ ಅಂತಲೇ ಲೆಕ್ಕ."

"ಹಾಂ," ಎಂದಳು ಮುಕ್ತಾ, ಅವನ ಮುಖವನ್ನೇ ನೋಡುತ್ತ. "ಕೆಲವರಿಗೆ ಹಳದಿ ತಂತಿಯೇ ಇರೋದಿಲ್ಲ, ಅಲ್ವಾ ಕಂಪ್ಯೂಟರ್ ಡಾಕ್ಟ್ರೇ?"

ಅವನು ಕಿವಿಯವರೆಗೂ ಕೆಂಪಾಗಿ ತಂತಿಯನ್ನು ಸರಿಯಾದ ಪಿನ್ನಿಗೆ ಸಿಕ್ಕಿಸಿ, ಅಲ್ಲಾಡಿ ಫ್ಯಾನಿಗೆ ತಾಗದಂತೆ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು, ಮುಚ್ಚಳ ಹಾಕಿ, ಓಡಿದ. ಆ ಮುಚ್ಚಳದ ಸ್ಕ್ರೂಗಳು ಕೈಯಲ್ಲೇ ತಿರುಗಿಸುವಂಥವು. ಈ ಮಾತು ನೆನಪಿರಲಿ.

ಎಂಟು ದಿನಕ್ಕೆ ಭಟ್ಟರ ಫೋನು. "ಮಾಣಿ, ಮತ್ತೆ ಅದೇ ಎರರ್ ಮಾರಾಯ! ಡೊಂಬಿವಲಿ ಹುಡುಗನ ಜಾತಕ ಹಾಕುವ ಅಂತ ಕೂತೆ, ನೋಡು, ಆಗಲೇ ಬಂತು."

"ಯಾರಿಗೆ ಭಟ್ರೇ?"

"ನಮ್ಮ ಮುಕ್ತಂಗೆ! ಬ್ಯಾಂಕಿನಲ್ಲಿ ಕೆಲ್ಸ, ಸ್ವಂತ ಫ್ಲ್ಯಾಟು. ಗುಣ ಕೂಡಿದ್ರೆ ಆದಿತ್ಯವಾರ ನೋಡ್ಲಿಕ್ಕೆ ಬರ್ತಾರೆ."

ಸಂಕರ್ಷಣ ಕೋಪರಿ ಕಡೆಯ ರೈಲ್ವೆ ಸೇತುವೆ ಹತ್ತಿದ. ಆ ಮೂವತ್ತು ಮೆಟ್ಟಿಲು ಅವತ್ತು ಮೂರು ಸಾವಿರವಾಗಿದ್ದವು.

ಬಿಚ್ಚಿ ನೋಡಿದರೆ ತಂತಿ ಮತ್ತೆ ಪಕ್ಕದ ಪಿನ್ನಿನಲ್ಲಿ! ಪಟ್ಟಿ ಇಲ್ಲ. ತಾನೇ ಸರಿ ಹಾಕಿರಲಿಲ್ಲವೇ ಎಂದು ತಲೆ ಕೆರೆದುಕೊಂಡ.

"ಎಫ್ ಒನ್ ಒತ್ತಿದ್ರೆ ಮುಂದೆ ಹೋಗ್ತಿತ್ತು ಭಟ್ರೇ," ಎಂದ. ಪ್ರಾಮಾಣಿಕ ನೋಡಿ.

"ಎಂಥ ಹೇಳ್ತಿ ಮಾಣಿ! ಶುಭಕಾರ್ಯಕ್ಕೆ ಕೂತಾಗ ಯಂತ್ರ ಬಾಯಿ ಬಿಟ್ಟು ದೋಷ ಉಂಟು ಅಂತದೆ. ದಾಟ್ಲಿಕ್ಕೆ ಬಟನ್ ಕೊಟ್ಟಿದ್ದಾರೆ ಅಂತ ಅಪಶಕುನ ದಾಟುದಾ?" ಭಟ್ಟರು ಡೊಂಬಿವಲಿಯ ಕಾಗದವನ್ನು ಪಂಚಾಂಗದೊಳಗೆ ಇಟ್ಟುಬಿಟ್ಟರು. "ಇನ್ನು ಮುಂದಿನ ಗುರುವಾರ."

ಮುಂದಿನ ಗುರುವಾರವೂ ಅದೇ ಎರರ್. ಮತ್ತೆ ಸೇತುವೆ, ಮತ್ತೆ ಟಾರ್ಚು, ಮತ್ತೆ ಆ ಕಣ್ಣು.

"ಈ ಮಾಣಿ ಬಂದ್ರೆ ಯಂತ್ರ ಸರಿ ಆಗ್ತದೆ, ಹೋದ್ರೆ ಹಾಳಾಗ್ತದೆ," ಎಂದು ಒಳಗಿಂದ ಕಾಫಿ ತಂದ ವಿನೋದತ್ತೆ, ಭಟ್ಟರ ಅಕ್ಕ, ಲೋಟ ಕುಕ್ಕಿದರು. "ಇಲ್ಲೇ ಇಟ್ಕೊಳ್ಳುದು ಒಳ್ಳೆದು, ಅಲ್ವಾ ಮುಕ್ತಾ?"

ಮುಕ್ತಾ ಟಾರ್ಚನ್ನು ಥಟ್ಟನೆ ಡಬ್ಬದೊಳಕ್ಕೆ ತಿರುಗಿಸಿದಳು.

ಆ ಮುಂದಿನ ಗುರುವಾರ ಬೆಳಿಗ್ಗೆ ಮತ್ತೆ ಕರೆ. ಡೊಂಬಿವಲಿಯವರು ಇನ್ನು ಕಾಯುವುದಿಲ್ಲವಂತೆ, ಇವತ್ತೇ ಆಗಬೇಕಂತೆ. ಸಂಕರ್ಷಣ ಬಂದಾಗ ಭಟ್ಟರು ಪೂಜೆಯಲ್ಲಿದ್ದರು. ಗಂಟೆಯ ಸದ್ದು ಹೊರಗೆ ಕೇಳುತ್ತಿತ್ತು. ಅವನು ಮುಚ್ಚಳ ತೆಗೆದ.

ತಂತಿ ಪಕ್ಕದ ಪಿನ್ನಿನಲ್ಲಿತ್ತು. ಈ ಸಲ ಅದನ್ನು ಫ್ಯಾನಿಗೆ ತಾಗದಂತೆ ಯಾರೋ ಕಟ್ಟಿದ್ದರು. ಬಾಳೆನಾರಿನಿಂದ!

ಊರಿಂದ ವಿನೋದತ್ತೆ ತರಿಸುವ ಬಾಳೆನಾರು. ಮಲ್ಲಿಗೆ ಕಟ್ಟುವ ನಾರು. ಗಂಟೂ ಅದೇ, ಹೂ ನಲುಗದಂತೆ ಹಾಕುವ ಚಿಕ್ಕ ಗಂಟು. ಈ ಮನೆಯಲ್ಲಿ ದಿನಾ ಬೆಳಿಗ್ಗೆ ಬಾಲ್ಕನಿಯಲ್ಲಿ ಕೂತು ಆ ಗಂಟು ಹಾಕುವವಳು ಯಾರು ಎಂಬುದು ಅವನಿಗೆ ಗೊತ್ತಿತ್ತು. ಆ ಹೊತ್ತಿಗೆ ಸರಿಯಾಗಿ ಕೆಳಗಿನ ರಸ್ತೆಯಲ್ಲಿ ಸುಮ್ಮಸುಮ್ಮನೆ ಎಷ್ಟು ಸಲ ನಡೆದಿರಲಿಲ್ಲ ಅವನು!

ಅವನ ಕೈ ನಿಂತಿತು. ಸೂರ್ಯನನ್ನೂ ಶನಿಯನ್ನೂ ತಡೆದು ನಿಲ್ಲಿಸುವುದು ಋಷಿಗಳಿಂದಲೂ ಆಗದ ಕೆಲಸ. ಈ ಹುಡುಗಿ ಒಂಬತ್ತು ಗ್ರಹಗಳನ್ನೂ ಎಳೆದು ತಂದು ಮೂರು ಪಿನ್ನಿನ ಮೇಲೆ ನಿಲ್ಲಿಸಿದ್ದಳು. ಬರೀ ಬೆರಳಿನಿಂದ, ಒಂದು ಎಳೆ ನಾರಿನಿಂದ. ದೇವಸ್ಥಾನದ ಗರ್ಭಗುಡಿಯೊಳಗೆ ಅಪ್ಪಿತಪ್ಪಿ ಹೊಕ್ಕವನಂತೆ ಸಂಕರ್ಷಣ ಆ ಡಬ್ಬದೆದುರು ಮೊಣಕಾಲೂರಿ ಕೂತ.

"ಇದು..." ಎಂದ.

"ತಂತಿ ಅಲ್ಲಾಡಿದ್ರೆ ಫ್ಯಾನಿಗೆ ತಾಗ್ತದೆ ಅಂತ ನೀವೇ ಕಟ್ಟಿದ್ದಲ್ವಾ," ಮುಕ್ತಾ ಕಿಟಕಿಯ ಕಡೆ ನೋಡುತ್ತ ಹೇಳಿದಳು. "ನಿಮ್ಮ ಪ್ಲಾಸ್ಟಿಕ್ ಪಟ್ಟಿ ನಂಗೆ ಕಟ್ಲಿಕ್ಕೆ ಬರುದಿಲ್ಲ."

"ಎಷ್ಟು ಸಲ?"

"ನೀವು ಎಷ್ಟು ಸಲ ಬಂದಿದ್ದೀರಿ?"

"ನಾಲ್ಕು."

"ಮೊದಲ್ನೇದು ನಿಮ್ದು. ಉಳಿದ ಮೂರು ನಂದು." ಈಗ ತಿರುಗಿ ನೋಡಿದಳು. ಕಣ್ಣಲ್ಲಿ ತಮಾಷೆ ಇರಲಿಲ್ಲ, ನೀರಿತ್ತು. "ಮೂರು ಸಲ ಕರೆಸಿದೆ. ಹಿಂದಿನ ಎರಡು ಸಲವೂ ಕಾಫಿ ಕುಡ್ದು ಹೋದ್ರಿ. ಇದ್ಕಿಂತ ಹೆಚ್ಚು ನಾನೆಂಥ ಮಾಡ್ಲಿ? ಮಾಜಿವಾಡಾ ಸರ್ಕಲ್ಲಿನಲ್ಲಿ ಬೋರ್ಡು ಹಾಕಿಸ್ಲಾ?"

ಒಳಗೆ ಗಂಟೆ ನಿಂತಿತು. ಮಂಗಳಾರತಿ ಮುಗಿದಿತ್ತು.

ಅವನು ನಾರಿನ ಗಂಟು ಬಿಚ್ಚಿದ. ಹರಿಯಲಿಲ್ಲ, ಬಿಚ್ಚಿದ. ಜೇಬಿಗೆ ಹಾಕಿಕೊಂಡ. ತಂತಿಯನ್ನು ಕಿತ್ತು ಸರಿಯಾದ ಪಿನ್ನಿನತ್ತ ಒಯ್ದ.

"ಬೇಡ," ಮುಕ್ತಾ ಅವನ ಕೈ ಹಿಡಿದಳು. ಮೊದಲ ಸಲ. "ಇವತ್ತೊಂದು ದಿನ ಹಾಗೇ ಬಿಡಿ. ಡೊಂಬಿವಲಿಯವ್ರು ತಾವಾಗೇ ಬಿಟ್ಟುಹೋಗ್ತಾರೆ."

"ಆಮೇಲೆ ಇನ್ನೊಬ್ರು ಬರ್ತಾರೆ. ಸುಳ್ಳು ಶಕುನ ಎಷ್ಟು ದಿನ ಕಾಯ್ತದೆ?"

ತಂತಿಯನ್ನು ಸಿಕ್ಕಿಸಿದ. ಮುಕ್ತಾ ಕೈ ಬಿಟ್ಟಳು. ಆ ಮುಖ ನೋಡಬೇಕಿತ್ತು! ಹುಣ್ಣಿಮೆಗೆ ಗ್ರಹಣ ಹಿಡಿದ ಹಾಗೆ.

ಭಟ್ಟರು ತೀರ್ಥದ ಕೈ ಒರೆಸಿಕೊಳ್ಳುತ್ತ ಬಂದು ಬಟನ್ ಒತ್ತಿದರು. ಸಣ್ಣದೊಂದು ಬೀಪ್. ಎರರ್ ಇಲ್ಲ. ಪರದೆ ನೀಲಿಯಾಗಿ ತೆರೆದುಕೊಂಡಿತು.

"ನೋಡು! ಯಂತ್ರವೇ ಅಪ್ಪಣೆ ಕೊಟ್ಟಿತು." ಪಂಚಾಂಗದಿಂದ ಡೊಂಬಿವಲಿಯ ಕಾಗದ ಹೊರಬಂತು.

"ಭಟ್ರೇ," ಎಂದ ಸಂಕರ್ಷಣ. "ಅದಕ್ಕಿಂತ ಮುಂಚೆ ಇನ್ನೊಂದು ಜಾತಕ ಹಾಕ್ಬೇಕು."

"ಯಾರ್ದು?"

"ನಂದು."

ಅಡಿಗೆಮನೆಯಲ್ಲಿ ಏನೋ ಢಣ್ ಎಂದು ಬಿತ್ತು.

"ಯಂತ್ರ ಶಕುನ ಹೇಳಿದ್ದಲ್ಲ ಭಟ್ರೇ. ತಂತಿ ತಪ್ಪು ಜಾಗದಲ್ಲಿತ್ತು. ಮೊದಲ್ನೇ ದಿನ ತಪ್ಪು ಹಾಕಿದ್ದು ನಾನು. ಕೆಲ್ಸ ಬರದೆ ಅಲ್ಲ. ನಿಮ್ಮ ಮಗಳನ್ನು ನೋಡ್ತಾ ಇದ್ದೆ." ಇಷ್ಟು ದಿನ ಕಟ್ಟಿಟ್ಟಿದ್ದ ಮಾತೆಲ್ಲ ಒಂದೇ ಉಸಿರಿಗೆ ಹೊರಬಂತು. "ನಂಗೆ ಸ್ವಂತ ಫ್ಲ್ಯಾಟಿಲ್ಲ. ಕಳವಾ ಸ್ಟೇಶನ್ ಹತ್ರ ಅಮ್ಮನೊಟ್ಟಿಗೆ ಬಾಡಿಗೆ ಮನೆ. ಆದ್ರೆ ಇವ್ರನ್ನು ಬಿಟ್ಟು ಬೇರೆ ಯಾರನ್ನೂ ನಂಗೆ ನೋಡ್ಲಿಕ್ಕಾಗುದಿಲ್ಲ."

ಭಟ್ಟರು ಮಗಳ ಕಡೆ ತಿರುಗಿದರು.

"ಉಳಿದ ಮೂರು ಸಲ ತಂತಿ ತಪ್ಪಿಸಿದ್ದು ನಾನು, ಅಪ್ಪಯ್ಯ," ಎಂದಳು ಮುಕ್ತಾ. ತಲೆ ತಗ್ಗಿಸಲಿಲ್ಲ.

ಭಟ್ಟರು ಕೈಯಲ್ಲಿದ್ದ ಡೊಂಬಿವಲಿಯ ಕಾಗದವನ್ನು ಮಡಿಸಿ ಪಕ್ಕಕ್ಕಿಟ್ಟರು.

"ಗೋತ್ರ?" ಎಂದರು ಭಟ್ಟರು.

"ಕಾಶ್ಯಪ."

"ನಮ್ದು ಭಾರದ್ವಾಜ." ಮೂಗಿನ ಮೇಲಿನ ಕನ್ನಡಕ ಏರಿಸಿದರು. "ಎಂಥ ನೋಡ್ತಾ ನಿಂತಿದ್ದಿ ಮುಕ್ತಾ? ಟೈಪ್ ಹೊಡಿ."

ಮುಕ್ತಾ ಕುರ್ಚಿಗೆ ಕೂತಳು. ಅಪ್ಪಯ್ಯನಿಗಾಗಿ ಸಾವಿರ ಮಂದಿಯ ಜಾತಕ ಹೊಡೆದ ಬೆರಳು ಅವತ್ತು ಅವನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಹುಡುಕಿ ಒತ್ತಿತು. "ಹುಟ್ಟಿದ ಹೊತ್ತು?" ಎಂದು ಕೇಳಿದಳು, ಅವನನ್ನೇ ನೋಡುತ್ತ. ತನ್ನ ಹುಟ್ಟಿದ ಹೊತ್ತನ್ನು ಯಾರೂ ಯಾರಿಗೂ ಅವನಷ್ಟು ಮೆತ್ತಗೆ ಹೇಳಿರಲಾರರು.

ಪೆಟ್ಟಿಗೆ ಯೋಚಿಸಿತು. ಮನೆಯಲ್ಲಿ ಕೇಳುತ್ತಿದ್ದುದು ಫ್ಯಾನಿನ ಸದ್ದು ಒಂದೇ.

"ಮೂವತ್ತಾರಕ್ಕೆ ಇಪ್ಪತ್ನಾಲ್ಕು ಗುಣ," ಎಂದರು ಭಟ್ಟರು, ನಗು ಅಡಗಿಸುತ್ತ. "ಸಾಕಪ್ಪ, ಧಾರಾಳ ಸಾಕು."

"ಉಳಿದ ಹನ್ನೆರಡು ಎಲ್ಲಿ ಹೋಯ್ತು?" ವಿನೋದತ್ತೆ ಬಾಗಿಲಲ್ಲಿ.

"ಜಗಳ ಆಡ್ಲಿಕ್ಕೆ ಬೇಕಲ್ವಾ ಅತ್ತೆ," ಎಂದಳು ಮುಕ್ತಾ.

ಹೊರಟಾಗ ಸಂಕರ್ಷಣನ ಕಾಲು ನೆಲದ ಮೇಲಿರಲಿಲ್ಲ. ಸೇತುವೆಯ ನಡುವೆ ಫೋನು ಬಡಿದುಕೊಂಡಿತು.

"ಡಾಕ್ಟ್ರೇ, ಮತ್ತೆ ಎರರ್."

"ಅಯ್ಯೋ! ಎಲ್ಲಿ? ತಂತಿ ಸರಿಯಾಗೇ ಹಾಕಿದ್ದೆ!"

"ತಂತಿ ಸರಿ ಉಂಟು. ನಿಮ್ಮ ಹತ್ಯಾರಿನ ಚೀಲ, ಎರಡೂ ಚಪ್ಪಲಿ ಇಲ್ಲೇ ಉಂಟು."

ಸಂಕರ್ಷಣ ಕೆಳಗೆ ನೋಡಿಕೊಂಡ. ಬರಿಗಾಲು! ಜೇಬಿನ ಬಾಳೆನಾರನ್ನು ಮುಟ್ಟಿ ನೋಡಿ, ಸ್ಟೇಶನ್ನಿಗೆ ನುಗ್ಗುತ್ತಿದ್ದ ಇಡೀ ಠಾಣೆಯ ಜನಕ್ಕೆ ಎದುರಾಗಿ, ಅವನು ಕೋಪರಿಯ ಕಡೆಗೆ ಓಡಿದ.