ಎರಡಿಂಚು ಬೇರು

ಬೇಕಾಗಿದ್ದು ಎರಡಿಂಚು ಬೇರು, ಅಷ್ಟೇ. ಆದರೆ ಆ ಹಾಳು ಆರ್ಕಿಡ್‌ಗೆ ನೆಲದ ಮೇಲೆ ಜಾಗವೇ ಸಿಗಲಿಲ್ಲವೇನೋ, ಜಲಪಾತದ ಪಕ್ಕದ ಬಂಡೆಯಲ್ಲಿ, ನೆತ್ತಿಯಿಂದ ಅರವತ್ತಡಿ ಕೆಳಗೆ ಅಂಟಿಕೊಂಡಿತ್ತು. ಅದರ ಬೇರಿನೊಳಗೆ ಬದುಕುವ ಒಂದು ಶಿಲೀಂಧ್ರ ಯಾವ ಔಷಧಿಗೂ ಜಗ್ಗದ ರೋಗಾಣುವನ್ನು ಕೊಲ್ಲುತ್ತಿತ್ತು. ಪ್ರಯೋಗಾಲಯದಲ್ಲಿ ಮೂರು ವರ್ಷ ಸಾಕಿದ್ದರಿಂದ ಆ ಶಿಲೀಂಧ್ರದ ಕಸುವೇ ಹೋಗಿತ್ತು. ಹೊಸದು ತರದಿದ್ದರೆ ಸಂಶೋಧನೆಗೆ ಬೀಗ.

ಹೊರಟವರು ಇಬ್ಬರು: ಸಂಶೋಧಕಿ, ಮತ್ತು ಬಂಡೆ ಹತ್ತುವುದೇ ಕಸುಬಾಗಿದ್ದ ಅವಳ ಭಾವ. ಹೋದ ವರ್ಷ ಅವಳ ಅಕ್ಕನನ್ನು, ಅಂದರೆ ಅವನ ಹೆಂಡತಿಯನ್ನು, ಕೊಂದದ್ದು ಅದೇ ಜಾತಿಯ ರೋಗಾಣು. ಅಂದಿನಿಂದ ಭಾವ ಮುಟ್ಟಿದ್ದನ್ನೆಲ್ಲ ಸ್ಪಿರಿಟ್‌ನಲ್ಲಿ ಒರೆಸುತ್ತಿದ್ದ. ಬೆರಳುಗಳ ಚರ್ಮ ಬಿರಿದಿತ್ತು.

ಎರಡು ದಿನ ಕಾಡು ತುಳಿದು ನೆತ್ತಿ ತಲುಪಿದರು. ಭಾವ ಹಗ್ಗ ಬಿಗಿದು ಇಳಿದ. ಗಿಡ ಸಿಕ್ಕಿತು.

“ಬೇರು ಬಂತು, ಎಳಿ!”

ಅಷ್ಟರಲ್ಲಿ ಕಲ್ಲು ಉರುಳಿತು. ಭಾವನ ಎಡಗೈ ಮುರಿಯಿತು.

ಹಗ್ಗವನ್ನು ಮರಕ್ಕೆ ಸುತ್ತಿ ಅವಳು ಇಂಚಿಂಚಾಗಿ ಎಳೆದಳು. ಎರಡು ಗಂಟೆ ಹಿಡಿಯಿತು. ಭಾವ ಜೇಬಿನಿಂದ ಬೇರಿದ್ದ ಸೀಸೆ ತೆಗೆದುಕೊಟ್ಟ. ಅವಳು ಮುಚ್ಚಳ ತೆಗೆದು ಮೂಸಿದಳು.

“ಅಯ್ಯೋ ಭಾವ, ಸ್ಪಿರಿಟ್‌ಗೆ ಹಾಕಿದ್ರಾ?”

“ನೀನೇ ಹೇಳಿದ್ಯಲ್ಲ ಪುಟ್ಟಿ, ಹೊರಗಿನ ಕೊಳೆ ಸಾಯ್ಬೇಕು ಅಂತ!”

“ಒಂದು ನಿಮಿಷ ಅದ್ದಿ ತೆಗೀಬೇಕು. ಎರಡು ಗಂಟೆ ನೆನೆಸಿದ್ರೆ ಒಳಗಿರೋದೂ ಸಾಯುತ್ತೆ!”

ಭಾವನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಅವಳಿಗೆ ಸಿಟ್ಟು ನೆತ್ತಿಗೇರಿತ್ತು, ಅಳುವೂ ಬಂದಿತ್ತು. ಮೊದಲು ಅವನ ಕೈಗೆ ಕೋಲು ಕಟ್ಟಿದಳು. ಆಮೇಲೆ ಇನ್ನೊಂದು ಹಗ್ಗಕ್ಕೆ ಉದ್ದಕ್ಕೂ ಗಂಟು ಹಾಕಿ ಇಳಿಬಿಟ್ಟು, ತನ್ನ ಸೊಂಟಕ್ಕೆ ಹಗ್ಗ ಕಟ್ಟಿಕೊಂಡಳು.

“ನಿಂಗೆ ಅಭ್ಯಾಸ ಇಲ್ಲ, ಬೇಡ.”

“ಸುಮ್ನಿರಿ. ಹಗ್ಗ ಬಿಡಿ.”

ಮರಕ್ಕೆ ಸುತ್ತಿದ ಹಗ್ಗವನ್ನು ಅವನು ಬಲಗೈಯಲ್ಲೇ ಬಿಡುತ್ತಾ ಹೋದ. ಅವಳ ಕಾಲು ಜಾರಿತು. ಮೊಣಕಾಲು ತರಚಿಹೋಯಿತು. ಎರಡೇ ಇಂಚು ಬೇರು ಕತ್ತರಿಸಿ, ಒದ್ದೆ ಕಾಗದದಲ್ಲಿ ಸುತ್ತಿ, ಹಗ್ಗದ ಗಂಟುಗಳನ್ನು ಹಿಡಿದು ಮೇಲೆ ಬಂದಳು.

ಹತ್ತನೇ ದಿನ ಪ್ರಯೋಗಾಲಯದಲ್ಲಿ, ಗಾಜಿನ ತಟ್ಟೆಯಲ್ಲಿ ಬಿಳಿ ಎಳೆಗಳು ಹಬ್ಬಿದ್ದವು. ಅವುಗಳ ಸುತ್ತ ಒಂದು ಬೆರಳಗಲ ಜಾಗದಲ್ಲಿ, ತಟ್ಟೆಗೆ ಬಿಟ್ಟಿದ್ದ ರೋಗಾಣು ಸುಳಿದಿರಲಿಲ್ಲ.

ಪಟ್ಟಿ ಕಟ್ಟಿದ ಕೈಯ ಭಾವ ಬಗ್ಗಿ ನೋಡಿದ. “ಇದು ಔಷಧಿ ಆಗೋಕೆ ಎಷ್ಟು ದಿನ?”

“ಔಷಧಿ ಆಯ್ತು ಅಂದ್ರೂ ಹತ್ತು ವರ್ಷ.”

“ಅಂದ್ರೆ ಆವತ್ತು ನಿನ್ನ ಹತ್ರ ಇದು ಇದ್ದೂ...”

“ಇತ್ತು ಭಾವ. ತಟ್ಟೇಲಿತ್ತು. ಅಕ್ಕಂಗೆ ಕೊಡೋ ಹಾಗಿರಲಿಲ್ಲ.”

ಅವನು ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕುಳಿತ.

“ಇನ್ನೂ ಬೇಕಾದ್ರೆ ಹೇಳು. ಕೈ ಕೂಡಿದ ಮೇಲೆ ಹೋಗೋಣ.”