ಪಕ್ಕದ ಮಂಚ

ಎಂಬತ್ತೆರಡನೇ ಇಸವಿಯಲ್ಲಿ, ಮರೆವು ಹತ್ತಿದ ನನ್ನ ಹೆಂಡತಿ ಮಾರಕ್ಕನಿಗಾಗಿ ನಲವತ್ತು ವೃದ್ಧಾಶ್ರಮ ನೋಡಿದೆ. ನಾಲ್ಕೇ ಎಂದು ನನ್ನ ಅಳಿಯ ಹೇಳಿದರೆ ನಂಬಬೇಡಿ. ಕಾಡುಗೋಡಿಯದು ಹಿಡಿಸಿತು. ಅಲ್ಲೇ ಬಿಡೋಣವೆಂದು ಒಂದು ಮಟಮಟ ಮಧ್ಯಾಹ್ನ ಅವಳನ್ನು ಕರೆದೊಯ್ದೆ. ನನ್ನ ಗುರುತೇ ಹತ್ತದವಳು ಅಲ್ಲೊಂದು ಖಾಲಿ ಮಂಚದ ಮುಂದೆ ಸೆರಗು ಸರಿಮಾಡಿಕೊಂಡು ನಾಚಿ ನಿಂತಳು.

“ಯಾರಜ್ಜಿ ಅಲ್ಲಿ?” ಎಂದಳು ಆಯಾ.

“ನಮ್ಮೋರು.”

ನಲವತ್ತೈದು ವರ್ಷ ನನ್ನ ಹೆಸರೆತ್ತದೆ, ನನ್ನೊಬ್ಬನನ್ನೇ ಹಾಗೆ ಕರೆದವಳು. ಹೊಟ್ಟೆ ಉರಿದುಹೋಯಿತು. ಜಾಲಹಳ್ಳಿ ಗರಡಿಯಲ್ಲಿ ಆರು ಜನರನ್ನು ಒಟ್ಟಿಗೆ ಕೆಡವಿದ ನಾನು ಆ ಮಂಚದ ಮೇಲೆ ಧೊಪ್ಪನೆ ಕೂತೆ. ಹಾಸಿಗೆ ಬೆಚ್ಚಗಿತ್ತು.

“ಏಳಪ್ಪ, ನಮ್ಮೋರ ಕಾಲ್ ಮೇಲೆ ಕುಂತಿದ್ದೀಯ.”

“ನಾನೇ ಕಣೇ ನಿನ್ ಗಂಡ,” ಎಂದೆ. ಏಳಲಿಲ್ಲ.

ಆಗ ನನ್ನ ತೊಡೆಯ ಕೆಳಗಿನಿಂದ ಎರಡು ಕಾಲುಗಳು ಮೆಲ್ಲಗೆ ಮಡಿಸಿಕೊಂಡು ಆಚೆ ಸರಿದು, ನನಗೆ ಜಾಗ ಬಿಟ್ಟವು.