ಕತ್ತರಿಸಿದ ಪಕ್ಕೆಲುಬು

ಗುಡಗೇರಿ ಸಂತೆಯಲ್ಲಿ ಶಾಹಿದ್‌ನ ಮಟನ್ ಅಂಗಡಿಗೆ ಬೀಗ ಬಿತ್ತು. ಅಲ್ಲಿಂದ ಮಾಂಸ ಒಯ್ದಿದ್ದ ಮೈಲಾರವ್ವ ಆಸ್ಪತ್ರೆ ಸೇರಿದ್ದಳು. ಕೊಕ್ಕೆಯಲ್ಲಿ ಉಳಿದಿದ್ದ ಅರ್ಧ ಕುರಿ ರೋಗದಿಂದ ಸತ್ತದ್ದು ಎಂದು ಲ್ಯಾಬ್ ವರದಿ ಬಂತು. ಆದರೆ ಅದರ ತೊಡೆಯ ಮೇಲೆ ಸರ್ಕಾರಿ ಸೀಲು — ಪ್ರಥಮ ದರ್ಜೆ!

ಪಿಎಸ್‌ಐ ದಾನೇಶ್ವರಿ ಮೇಡಂ ವಿಚಾರಣೆಗೆ ಕೂತರು. ಬರೆದುಕೊಳ್ಳಲು ನಾನು, ಕಾನ್‌ಸ್ಟೇಬಲ್ ಮಾಳಿಂಗರಾಯ. ಮೊದಲು ಶಾಹಿದ್‌ನನ್ನು ಎದುರು ಕೂರಿಸಿದೆವು.

“ಸತ್ತ ಕುರಿ ಮಾರಿದೇನು?”

“ಅಲ್ಲಾನ ಆಣಿ ಇಲ್ರಿ. ಜೀವಂತ ಕುರಿ ತಂದು ಪಂಚಾಯ್ತಿ ಕಸಾಯಿಖಾನ್ಯಾಗ ನಾನ ಹಲಾಲ್ ಮಾಡೇನ್ರಿ. ಪರೀಕ್ಷಾ ಮಾಡುಮುಂದ ನಾವು ಹೊರಗಿರಬೇಕು, ಹೊಸಾ ನಿಯಮ. ಸೀಲ್ ಹೊಡದು ಕೊಟ್ಟಿದ್ದು ತಂದೆ.”

“ಅದು ನಿಂದ ಹೌದಲ್ಲೋ ನೋಡಲಿಲ್ಲ?”

“ಸಂಶೆ ಬಂತ್ರಿ. ಬಣ್ಣ ಕಪ್ಪಿತ್ತು, ಒಂದ್ ಬಾಜು ಪಕ್ಕೆಲುಬು ಕತ್ತರಿಸಿತ್ತು. ಕೇಳಿದ್ರ, ಸೀಲ್ ಕಾಣೂದಿಲ್ಲೇನಲೇ ಅಂತ ಬೈದ್ರು. ಸರ್ಕಾರದ ಮುಂದ ನಂದೇನು ನಡೀತೈತ್ರಿ?”

ಊರಿನ ಪಶುವೈದ್ಯನೂ ಮಾಂಸ ಪರೀಕ್ಷಕನೂ ಆದ ಶಿದ್ಲಿಂಗಪ್ಪ ಇಸ್ತ್ರಿ ಅಂಗಿ ತೊಟ್ಟು, ರಿಜಿಸ್ಟರ್ ಹಿಡಿದು ಬಂದ.

“ಸೀಲ್ ಆದಮ್ಯಾಲೆ ಮಾರಾವನ ಹೊಣಿರಿ. ಸುಳ್ಳ ಸೀಲ್ ಹೊಡಕೊಂಡು ಅಂವನ ಬದಲು ಮಾಡ್ಯಾನ. ಈ ಮಂದಿ ನಿಮಗ ಗೊತ್ತಿಲ್ಲೇನು?”

ನನಗೆ ಮೈ ಉರಿಯಿತು. ಮೇಡಂ ಮಾತ್ರ ತಣ್ಣಗೆ ಕೇಳಿದರು — “ಪಕ್ಕೆಲುಬು ಯಾಕ ಕತ್ತರಿಸಿದ್ರಿ?”

“ಪುಪ್ಪುಸ ನೋಡಾಕ.”

“ಮಾಳಿಂಗರಾಯ, ನಿಮ್ಮದು ಕುರಿ ಕಾಯೋ ಮನಿ. ಇದು ಖರೇನ?”

“ಇಲ್ರಿ. ಕೊಯ್ದ ಕುರಿ ಹೊಟ್ಟಿ ಸೀಳಿದ್ರ ಪುಪ್ಪುಸ ಕೈಗೆ ಬರ್ತಾವ. ಎಲುಬು ಕತ್ತರಿಸೂದು ಸತ್ತ ಕುರಿ ಪೋಸ್ಟ್‌ಮಾರ್ಟಮ್ ಮಾಡುಮುಂದ. ಕುರಿ ಸತ್ರ ಸರ್ಕಾರ ಕೊಡೂ ಪರಿಹಾರದ ಕಾಗದಕ್ಕ.”

ಶಿದ್ಲಿಂಗಪ್ಪನ ಮುಖ ಕಪ್ಪಿಟ್ಟಿತು.

“ಎಲ್ಲಾರೂ ಸೀಲ್ ನೋಡಿದ್ರು, ಎಲುಬು ನೋಡಲಿಲ್ಲ,” ಎಂದರು ಮೇಡಂ. “ಸಂತಿ ಹಿಂದಿನ ದಿನ ಕುರಿಗಾರ ಹನಮಪ್ಪನ ಕುರಿ ಸತ್ತಿತ್ತು, ಅಂವ ಎಲ್ಲಾ ಹೇಳ್ಯಾನ. ಪೋಸ್ಟ್‌ಮಾರ್ಟಮ್ ಮಾಡಿದವ್ರು ನೀವು. ಹೂಳತೀನಿ ಅಂತ ಟಂಟಂ ಗಾಡ್ಯಾಗ ಒಯ್ದವ್ರೂ ನೀವು. ಕುಣಿ ಎಲ್ಲೈತಿ ತೋರಸ್ರಿ! ಅದಕ್ಕ ಸೀಲ್ ಹೊಡದು ಶಾಹಿದ್‌ಗೆ ಕೊಟ್ರಿ. ಶಾಹಿದ್‌ನ ಒಳ್ಳೆ ಕುರಿ ಅವತ್ತ ನಿಮ್ಮ ಮಗನ ಕೂದಲ ತಗಸೂ ಜಾವಳದ ಊಟಕ್ಕ ಹೋತು.”

ಆ ಊಟಕ್ಕೆ ನಾನೂ ಹೋಗಿದ್ದೆ. ಎರಡು ಸಲ ಬಡಿಸಿಕೊಂಡಿದ್ದೆ. ಥೂ ನನ್ನ ಜನ್ಮಕ್ಕೆ ಅನಿಸಿತು.

ಶಿದ್ಲಿಂಗಪ್ಪನನ್ನು ಒಳಗೆ ಹಾಕಿದೆವು. ಲೈಸೆನ್ಸ್ ವಾಪಸ್ ಕೊಡಿಸುತ್ತೇನೆ ಎಂದು ಮೇಡಂ ಹೇಳಿದರೂ ಶಾಹಿದ್ ಎದ್ದೇಳಲಿಲ್ಲ.

“ತೊಗೊಂಡು ಏನ್ ಮಾಡ್ಲಿ ಮೇಡಮ್ಮರ? ನನ್ನ ಕೈ ನಂಬಿ ಬಂದವ್ರಿಗೆ ಈ ಕೈಲೇನ ಸತ್ತ ಕುರಿ, ಹರಾಮ್ ತಿನ್ನಿಸೇನಿ. ನಮ್ಮವ್ವ ಖಾತುನಬಿನೂ ಅದನ್ನ ಉಂಡಾಳ. ಆಕಿಗೆ ಹೆಂಗ ಹೇಳ್ಲಿ?”